ಇನ್ನೊಂದು ಹಚ್ಚೆ ಬೇಕೆ? ಸೂಜಿ ತಾಗುವ ಮೊದಲು, ತಾಗಿದ ಮೇಲೆ

ಹತ್ತಿಕುಣಿ ಸುತ್ತಿನ ಊರುಗಳಿಗೆ ಮೈಮೇಲೆ ಚಿತ್ರ ಬರೆಸಿಕೊಳ್ಳುವುದನ್ನು ನಗರದವರು ಬಂದು ಕಲಿಸಬೇಕಾಗಿರಲಿಲ್ಲ. ಅರವತ್ತು ದಾಟಿದ ಹೆಣ್ಣುಮಕ್ಕಳ ಮುಂಗೈ ನೋಡಿದರೆ ಸಾಕು. ಚುಕ್ಕೆ, ಚೇಳು, ತುಳಸಿಕಟ್ಟೆ, ಗಂಡನ ಹೆಸರು ಹಸಿರುಗಟ್ಟಿ ಚರ್ಮದೊಳಗೆ ಕೂತಿರುತ್ತವೆ. ತಾಂಡಾದ ಲಂಬಾಣಿ ಅಜ್ಜಿಯರ ಗದ್ದದ ಮೇಲೂ ಬಟ್ಟುಗಳಿರುತ್ತವೆ. ಕೊರವರ ಹೆಂಗಸರು ಮನೆ ಬಾಗಿಲಿಗೇ ಬಂದು, ದೀಪದ ಮಸಿಯನ್ನು ಎದೆಹಾಲಲ್ಲೋ ಸೊಪ್ಪಿನ ರಸದಲ್ಲೋ ಕಲಸಿ, ಸೂಜಿಗಳ ಕಟ್ಟನ್ನು ಅದ್ದಿ, ನೋವು ಮರೆಸಲು ಹಾಡು ಹೇಳುತ್ತ ಚುಚ್ಚಿ, ಮೇಲೆ ಅರಿಶಿನ ಒತ್ತಿ ಹೋಗುತ್ತಿದ್ದರು. ಕಿವಿ, ಮೂಗಿನ ಕೆಲಸ ಪತ್ತಾರರದು. ವೀರಭದ್ರನ ಜಾತ್ರೆಗಳಲ್ಲಿ ಪುರವಂತರು ಕೆನ್ನೆಗೆ, ನಾಲಗೆಗೆ ಶಸ್ತ್ರ ಹಾಕಿಕೊಳ್ಳುವುದನ್ನು ನೋಡುತ್ತಲೇ ಬೆಳೆದ ನಾಡಿದು.

ಈಗ ಗುಳೆ ಹೋದ ಹುಡುಗರು ಬೆಂಗಳೂರು, ಪುಣೆ, ಮುಂಬೈಯಿಂದ ಯುಗಾದಿಗೆ ಮರಳುವಾಗ ತೋಳಿನ ತುಂಬ ಟ್ಯಾಟೂ ಹೊತ್ತು ಬರುತ್ತಾರೆ. ಕಾಲೇಜಿಗೆ ಹೋಗುವ ಹುಡುಗಿಯರು ಕಿವಿಗೆ ಎರಡನೆಯ, ಮೂರನೆಯ ತೂತು ಚುಚ್ಚಿಸಿಕೊಳ್ಳುತ್ತಾರೆ. ಒಂದು ಹಾಕಿಸಿಕೊಂಡವರಿಗೆ ಇನ್ನೊಂದು ಬೇಕೆನಿಸುವುದು ಸಹಜ. ಆ ಆಸೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಮೈ ಅವರದು. ನಾನು ಹೇಳಬೇಕಾಗಿರುವುದು ಇಷ್ಟೇ: ಹಚ್ಚೆ ಚಿತ್ರವಾಗುವುದು ಆಮೇಲೆ, ಮೊದಲು ಅದು ಗಾಯ. ಒಂದು ಚದರ ಇಂಚಿನ ಚಿತ್ರಕ್ಕೂ ಸೂಜಿ ಸಾವಿರಾರು ಸಲ ಒಂದೆರಡು ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ. ಎಲ್ಲ ತಯಾರಿಯನ್ನೂ ಗಾಯದ ಲೆಕ್ಕದಲ್ಲೇ ಮಾಡಬೇಕು. ಎರಡನೆಯ, ಐದನೆಯ ಹಚ್ಚೆಗೆ ಹೊರಟವರು ಮೊದಲನೆಯದು ಸಲೀಸಾಗಿ ಮಾಗಿತು ಎಂಬ ಧೈರ್ಯದಲ್ಲಿ ಈ ಲೆಕ್ಕ ಬಿಡುತ್ತಾರೆ. ಅದಕ್ಕೇ ಈ ಲೇಖನ ಅವರಿಗೆ.

ಮೊದಲು ದಿನ ಗೊತ್ತುಮಾಡಿ

ಚಿತ್ರ ಹುಡುಕುವ ಮೊದಲು ಕ್ಯಾಲೆಂಡರ್ ನೋಡಿ. ಹಚ್ಚೆಯ ಮೇಲ್ಪದರ ಮಾಗಲು 2ರಿಂದ 3 ವಾರ ಬೇಕು, ಒಳಗೆ ಪೂರ್ತಿ ಮಾಗಲು 2–3 ತಿಂಗಳೇ ಹಿಡಿಯುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರು, ದೂಳು, ಬಿಸಿಲು ಮೂರೂ ಹಸಿ ಹಚ್ಚೆಗೆ ಶತ್ರುಗಳು. ಚಳಿಗಾಲ ಒಳ್ಳೆಯದು, ಆದರೆ ಅದೇ ಹೊತ್ತಿಗೆ ಹತ್ತಿ ಬಿಡಿಸುವ ಕೆಲಸ. ಒಣಗಿದ ಹತ್ತಿಕಾಯಿಯ ಚೂಪು ಸಿಪ್ಪೆ ಮುಂಗೈಯನ್ನು ಗೀಚುವುದು ಬಿಡಿಸಿದವರಿಗೆಲ್ಲ ಗೊತ್ತು. ಔಷಧಿ ಹೊಡೆಯುವ ಹೊಲದಲ್ಲಂತೂ ಹಸಿ ಗಾಯ ಹೊತ್ತು ನಿಲ್ಲಲೇಬಾರದು. ನಿಮ್ಮ ಹೊಲದ ಕೆಲಸದ ನಡುವೆ ಎರಡು ವಾರ ಬಿಡುವು ಎಲ್ಲಿ ಸಿಗುತ್ತದೋ ಅದೇ ಹಚ್ಚೆಯ ಮುಹೂರ್ತ.

ನೀರಿನ ಲೆಕ್ಕವೂ ಇದೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗಿ ಹೊನ್ನಕೆರೆಯಲ್ಲಿ ಮೀಯುವವರು, ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋಗಿ ಕೃಷ್ಣೆಯಲ್ಲಿ ಮುಳುಗುವವರು ಅದಕ್ಕೆ ಕನಿಷ್ಠ ಮೂರು ವಾರ ಮೊದಲೇ ಹಚ್ಚೆ ಮುಗಿಸಿರಬೇಕು, ಇಲ್ಲವೇ ಜಾತ್ರೆ ಮುಗಿದ ಮೇಲೆ ಹಾಕಿಸಿಕೊಳ್ಳಬೇಕು. ಹತ್ತಿಕುಣಿ ಜಲಾಶಯದಲ್ಲಿ, ಬಾವಿಯಲ್ಲಿ, ಕಾಲುವೆಯಲ್ಲಿ ಈಜುವವರಿಗೂ ಇದೇ ಮಾತು. ಮದುವೆಗೆ ಹೊಸ ಮೂಗುಬೊಟ್ಟು ಹಾಕಬೇಕೆಂದಿದ್ದರೆ ಮೂಗನ್ನು ಆರು ತಿಂಗಳು ಮುಂಚೆಯೇ ಚುಚ್ಚಿಸಿ. ಮದುವೆಯ ಹಿಂದಿನ ವಾರ ಚುಚ್ಚಿಸಿಕೊಂಡ ಮದುಮಗಳು ಬಾತ ಮೂಗಿನಲ್ಲೇ ಹಸೆಮಣೆ ಏರಬೇಕಾಗುತ್ತದೆ.

ಜಾಗ: ನೌಕರಿ ನೋಡಿ ಆರಿಸಿ

ಯಾದಗಿರಿ, ಶಹಾಪುರ, ಸುರಪುರದ ಮೈದಾನಗಳಲ್ಲಿ ಬೆಳಗಿನ ಜಾವ ಸೇನೆ, ಅರೆಸೇನಾ ಪಡೆಗಳ ಭರ್ತಿಗೆಂದು ಓಡುವ ಹುಡುಗರು ಈ ಭಾಗವನ್ನು ಎರಡು ಸಲ ಓದಿ. ಭಾರತೀಯ ಸೇನೆ ಒಪ್ಪುವ ಶಾಶ್ವತ ಹಚ್ಚೆಗೆ ಎರಡೇ ಜಾಗ: ಮೊಣಕೈಯ ಒಳಮಡಿಕೆಯಿಂದ ಮಣಿಕಟ್ಟಿನವರೆಗಿನ ಒಳಬದಿ ಮತ್ತು ಅಂಗೈಯ ಹಿಂಬದಿ. ತೋಳು, ಕುತ್ತಿಗೆ, ಎದೆಯ ಮೇಲಿದ್ದರೆ ಅಡ್ಡಿ. ಬುಡಕಟ್ಟು ಅಭ್ಯರ್ಥಿಗಳಿಗೆ ಅವರ ಸಂಪ್ರದಾಯದ ಹಚ್ಚೆಗೆ ವಿನಾಯಿತಿ ಇದೆ. ಆದರೆ ಲಂಬಾಣಿ ಸಮುದಾಯ ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ ಪಟ್ಟಿಯಲ್ಲಿದೆ, ಆದ್ದರಿಂದ ತಾಂಡಾದ ಹುಡುಗರು ವಿನಾಯಿತಿ ತಮಗೂ ಇದೆ ಎಂದು ತಾವೇ ತೀರ್ಮಾನಿಸಬಾರದು. ಸಿಆರ್‌ಪಿಎಫ್, ಬಿಎಸ್‌ಎಫ್ ಮೊದಲಾದ ಪಡೆಗಳ ನಿಯಮ ಇನ್ನೂ ಬಿಗಿ. ಅಲ್ಲಿ ಧಾರ್ಮಿಕ ಚಿಹ್ನೆ ಅಥವಾ ಹೆಸರು ಮಾತ್ರ, ಅದೂ ಸೆಲ್ಯೂಟ್ ಹೊಡೆಯದ ಎಡ ಮುಂಗೈಯ ಒಳಬದಿ ಅಥವಾ ಅಂಗೈ ಹಿಂಬದಿಯಲ್ಲಿ, ಆ ಭಾಗದ ಕಾಲುಭಾಗಕ್ಕಿಂತ ಚಿಕ್ಕದಾಗಿ ಇರಬೇಕು. ಅಧಿಸೂಚನೆ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವ ವರ್ಷದ್ದನ್ನೇ ಓದಿ. ನೌಕರಿ ಸಿಗುವವರೆಗೆ ಕಾಯುವುದೇ ಜಾಣತನ ಎನ್ನುವುದು ನನ್ನ ಅಭಿಪ್ರಾಯ.

ಬೆರಳು, ಅಂಗೈ, ಪಾದದ ಬದಿಯ ಹಚ್ಚೆ ಬೇಗ ಮಾಸುತ್ತದೆ. ಮಚ್ಚೆಯ ಮೇಲೆ ಬರೆಸಬೇಡಿ, ಮುಂದೆ ಮಚ್ಚೆಯಲ್ಲಿ ಬದಲಾವಣೆಯಾದರೆ ಕಾಣುವುದಿಲ್ಲ. ನಿಮ್ಮ ಹಳೆಯ ಗಾಯದ ಕಲೆಗಳನ್ನೊಮ್ಮೆ ಮುಟ್ಟಿ ನೋಡಿಕೊಳ್ಳಿ. ಗಾಯ ಇದ್ದ ಜಾಗಕ್ಕಿಂತ ಆಚೆಗೂ ಉಬ್ಬಿ ಬೆಳೆದ ಗಂಟು ಕಂಡರೆ ಅದು ಕೆಲಾಯ್ಡ್. ನಮ್ಮಂಥ ಕಂದು ಚರ್ಮದವರಲ್ಲಿ ಇದು ಹೆಚ್ಚು, ಕಿವಿಯ ಹಾಲೆ, ಎದೆ, ಹೆಗಲು ಅದರ ಇಷ್ಟದ ಜಾಗಗಳು. ಅಂಥವರು ಚರ್ಮವೈದ್ಯರನ್ನು ಕೇಳದೆ ಹೊಸ ತೂತು ಹಾಕಿಸಬಾರದು. ತೊನ್ನು, ಸೋರಿಯಾಸಿಸ್ ಇದ್ದವರಿಗೂ ಇದೇ ಎಚ್ಚರಿಕೆ. ಚುಚ್ಚಿದ ಜಾಗದಲ್ಲೇ ಅದೇ ಕಾಯಿಲೆಯ ಹೊಸ ಕಲೆ ಏಳುವ ಸಂಭವ ಅವರಿಗಿದೆ.

ಕನ್ನಡ ಅಕ್ಷರದ ಹಚ್ಚೆ

ಈ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆಯ ಹುಡುಗರು ಹೆಚ್ಚಾಗಿ ಬರೆಸುವುದು ಅವ್ವ, ಅಪ್ಪ, ಮಲ್ಲಯ್ಯ, ಮೌನೇಶ್ವರ ಎಂಬ ಹೆಸರುಗಳನ್ನು. ಎಲ್ಲದರಲ್ಲೂ ಒತ್ತಕ್ಷರ. ಮುಂಬೈ, ಪುಣೆಯ ಟ್ಯಾಟೂ ಕಲಾವಿದನಿಗೆ ಕನ್ನಡ ಓದಲು ಬರುವುದಿಲ್ಲ, ಅವನು ಚಿತ್ರ ನಕಲು ಮಾಡುತ್ತಾನೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಕನ್ನಡ ಸರಿಯಾಗಿ ಮೂಡದೆ ‘ಲ್ಲ’ ಒಡೆದು ಎರಡು ಬಿಡಿ ಅಕ್ಷರವಾಗುತ್ತದೆ, ಯ್ಯ ಒತ್ತು ಜಾಗ ತಪ್ಪಿ ಕೂರುತ್ತದೆ. ಆದ್ದರಿಂದ ಫೋನಿನಲ್ಲಿ ಪಠ್ಯ ಕಳಿಸಬೇಡಿ. ಅಕ್ಷರ ಚೆಂದ ಬರೆಯುವವರಿಂದ ಬಿಳಿ ಹಾಳೆಯ ಮೇಲೆ ದಪ್ಪ ಪೆನ್ನಿನಲ್ಲಿ ಬರೆಸಿ, ಫೋಟೊ ತೆಗೆದು ಕೊಡಿ.

ಅಳತೆಯ ಮಾತೂ ಇದೆ. ಚರ್ಮದಲ್ಲಿ ಶಾಯಿ ವರ್ಷ ಕಳೆದಂತೆ ತುಸು ಹರಡುತ್ತದೆ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ ನಡುವಿನ ವ್ಯತ್ಯಾಸ ಅಡಿಯ ಸಣ್ಣ ಸೀಳು ಮಾತ್ರ. ‘ಠ’, ‘ಥ’ದ ಹೊಟ್ಟೆಯೊಳಗೆ ಒಂದು ಚುಕ್ಕೆ. ಅಕ್ಷರ ಚಿಕ್ಕದಾದರೆ ಐದಾರು ವರ್ಷದಲ್ಲಿ ಆ ಸೀಳು ತುಂಬಿ ಹೆಸರು ಮಸಿಯ ಗೆರೆಯಾಗಿಬಿಡುತ್ತದೆ. ಅಕ್ಷರದ ಎತ್ತರ ಒಂದು ಸೆಂಟಿಮೀಟರಿಗಿಂತ ಕಡಿಮೆ ಇರಬಾರದು, ಒತ್ತು ಇದ್ದರೆ ಅದಕ್ಕೆ ಬೇರೆಯೇ ಜಾಗ ಬಿಡಿಸಿ. ನಮ್ಮ ಚರ್ಮದ ಬಣ್ಣಕ್ಕೆ ಕಪ್ಪು ಚೆನ್ನಾಗಿ ನಿಲ್ಲುತ್ತದೆ; ಹಳದಿ, ತಿಳಿಬಣ್ಣಗಳು ಹೊಳೆಯುವುದಿಲ್ಲ. ಚರ್ಮದ ಮೇಲೆ ಅಚ್ಚು ಮೂಡಿಸಿದ ಮೇಲೆ, ಯಂತ್ರ ಶುರುವಾಗುವ ಮೊದಲು, ಕನ್ನಡ ಬಲ್ಲ ಇನ್ನೊಬ್ಬರಿಂದ ಜೋರಾಗಿ ಓದಿಸಿ. ಜೊತೆಗೆ ಯಾರೂ ಇಲ್ಲದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಊರಿಗೆ ಕಳಿಸಿ ಓದಿಸಿ.

ದೇಹದ ತಯಾರಿ

ಹೆಪಟೈಟಿಸ್ ಬಿ ಲಸಿಕೆ ಮಕ್ಕಳ ಸಾರ್ವತ್ರಿಕ ಲಸಿಕೆ ಪಟ್ಟಿಯಲ್ಲಿ ದೇಶದಾದ್ಯಂತ ಸೇರಿದ್ದು 2011ರ ಹೊತ್ತಿಗೆ. ಈಗ ಇಪ್ಪತ್ತು ದಾಟಿದ ಅನೇಕರಿಗೆ ಅದು ಸಿಕ್ಕಿಲ್ಲ. ಮತ್ತೆ ಮತ್ತೆ ಸೂಜಿಗೆ ಮೈಯೊಡ್ಡುವವರು ಮೂರು ಡೋಸ್ ಹಾಕಿಸಿಕೊಳ್ಳಲೇಬೇಕು: ಮೊದಲನೆಯದು ಇಂದು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಈ ವೈರಸ್ ಒಣ ರಕ್ತದ ಕಲೆಯಲ್ಲೂ ಏಳು ದಿನ ಬದುಕಿರುತ್ತದೆ. ಧನುರ್ವಾಯುವಿನ ಟಿಡಿ ಚುಚ್ಚುಮದ್ದು 10 ಮತ್ತು 16ನೇ ವಯಸ್ಸಿನಲ್ಲಿ ಕೊಡುತ್ತಾರೆ. ಕೊನೆಯ ಚುಚ್ಚುಮದ್ದಾಗಿ ಹತ್ತು ವರ್ಷವಾಗಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಸಗಣಿ, ಮಣ್ಣಿನಲ್ಲಿ ಧನುರ್ವಾಯುವಿನ ಬೀಜಕಗಳು ಇದ್ದೇ ಇರುತ್ತವೆ, ನಮ್ಮ ಮನೆಗಳಲ್ಲಿ ದನ, ಕುರಿ ಹಟ್ಟಿ ಅಂಗಳದಲ್ಲೇ ಇದೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಫಿಟ್ಸ್ ಬರುವವರು ವೈದ್ಯರನ್ನು ಕೇಳಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮುಂದೂಡಿ. ಹದಿನೆಂಟು ತುಂಬದವರಿಗೆ ಒಳ್ಳೆಯ ಕಲಾವಿದರು ಹಚ್ಚೆ ಹಾಕುವುದಿಲ್ಲ, ವಯಸ್ಸು ಕೇಳದೆ ಸೂಜಿ ಎತ್ತುವವನ ಬಳಿ ನೀವೂ ಹೋಗಬೇಡಿ.

ಅಂಗಡಿ ಆರಿಸುವುದು

ಜಾತ್ರೆಯ ಬಯಲಲ್ಲಿ ಪ್ಲಾಸ್ಟಿಕ್ ಹೊದಿಸಿದ ಚಿತ್ರಗಳ ಹಲಗೆ ಇಟ್ಟುಕೊಂಡು, ಬ್ಯಾಟರಿ ಯಂತ್ರ ಹಿಡಿದು ಕೂರುವವನನ್ನು ಹತ್ತು ನಿಮಿಷ ಪಕ್ಕದಲ್ಲಿ ನಿಂತು ನೋಡಿ. ಒಂದು ಬಾಟಲಿಯ ಮುಚ್ಚಳದಲ್ಲಿ ಶಾಯಿ. ಮೊದಲ ಹುಡುಗನ ಕೈ ಚುಚ್ಚಿದ ಸೂಜಿ ಮತ್ತೆ ಆ ಶಾಯಿಯಲ್ಲೇ ಮುಳುಗುತ್ತದೆ, ರಕ್ತ ಒರೆಸಿದ ಬಟ್ಟೆಯಿಂದಲೇ ಎರಡನೆಯವನ ಕೈ ಒರೆಸುತ್ತಾನೆ, ಮೂರನೆಯವನಿಗೂ ಅದೇ ಸೂಜಿ. ನಡುವೆ ಅದನ್ನು ನೀರಿನಲ್ಲಿ ಅದ್ದಿ ತೆಗೆದು, ತೊಳೆದಂತಾಯಿತು ಎನ್ನುತ್ತಾನೆ. ಸೂಜಿ ಬದಲಿಸಿದರೂ ಸಾಲದು, ಶಾಯಿಯಲ್ಲಿ ಎಲ್ಲರ ರಕ್ತವೂ ಬೆರೆತಿದೆ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಈ ಹಾದಿಯಲ್ಲೇ ಸಾಗಬಲ್ಲವು. ಜಾತ್ರೆಯಲ್ಲಿ ದೇವರ ದರ್ಶನ ಮಾಡಿ, ಬೆಂಡು ಬತ್ತಾಸು ತನ್ನಿ, ಹಚ್ಚೆ ಮಾತ್ರ ಬೇಡ. ಅಲ್ಲಿ ಸಿಗುವ ‘ಕಪ್ಪು ಮೆಹಂದಿ’ಯೂ ಬೇಡ. ಅದಕ್ಕೆ ಬೆರೆಸುವ ಕೂದಲ ಬಣ್ಣದ ರಾಸಾಯನಿಕ ಚರ್ಮವನ್ನು ಬೊಬ್ಬೆ ಏಳಿಸಿ ಸುಡುತ್ತದೆ.

ಕಲಬುರಗಿ, ರಾಯಚೂರು, ಬೆಂಗಳೂರು, ಹೈದರಾಬಾದ್ ಎಲ್ಲಿಗೇ ಹೋಗಿ, ಮೊದಲ ಸಲ ಬರೀ ನೋಡಲು ಹೋಗಿ. ನೋಡಬೇಕಾದ್ದು ಗೋಡೆಯ ಚಿತ್ರಗಳಲ್ಲ, ಕಲಾವಿದನ ಕೈ. ಸೂಜಿಯ ಮೊಹರು ಮಾಡಿದ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಬೇಕು, ಅದರ ಮೇಲೆ ಅವಧಿ ಮುಗಿಯುವ ದಿನಾಂಕ ಇರಬೇಕು. ಶಾಯಿಯನ್ನು ನಿಮಗೆಂದೇ ಹೊಸ ಪುಟ್ಟ ಬಟ್ಟಲಿಗೆ ಸುರಿದು, ಉಳಿದದ್ದನ್ನು ಎಸೆಯಬೇಕು, ಬಾಟಲಿಗೆ ಮರಳಿ ಹಾಕಬಾರದು. ಕೈಗವಸು ಹಾಕಿಕೊಂಡೇ ಫೋನ್ ಎತ್ತಿದರೆ ಕೈಗವಸು ಬದಲಿಸಬೇಕು. ಬಳಸಿದ ಸೂಜಿ ಗಟ್ಟಿ ಡಬ್ಬಿಗೆ ಬೀಳಬೇಕು. ಮತ್ತೆ ಬಳಸುವ ಲೋಹದ ಉಪಕರಣ ಇದ್ದರೆ ಆಟೊಕ್ಲೇವ್ ಎಲ್ಲಿದೆ ಎಂದು ಕೇಳಿ. ಅದು ಅಡುಗೆಮನೆಯ ಕುಕ್ಕರಿನ ತತ್ವದಲ್ಲೇ ನಡೆಯುವ ಯಂತ್ರ, ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ 15–20 ನಿಮಿಷ ಹಿಡಿದು ಬೀಜಕಗಳನ್ನೂ ಕೊಲ್ಲುತ್ತದೆ. ಬರೀ ಕುದಿಯುವ ನೀರು 100 ಡಿಗ್ರಿಗೆ ನಿಂತುಬಿಡುತ್ತದೆ. ಸ್ಪಿರಿಟ್ ಒರೆಸಿದರೆ ಸಾಕು ಎನ್ನುವವನ ಅಂಗಡಿಯಿಂದ ಎದ್ದು ಬನ್ನಿ.

ಶಾಯಿ ಯಾವ ಕಂಪನಿಯದು, ತೆಳು ಮಾಡಲು ಯಾವ ನೀರು ಬಳಸುತ್ತೀರಿ ಎಂಬ ಎರಡು ಪ್ರಶ್ನೆ ಮರೆಯಬೇಡಿ. ಕರ್ನಾಟಕದ ಆರೋಗ್ಯ ಇಲಾಖೆ 2025ರಲ್ಲಿ ಶಾಯಿಯ ಮಾದರಿಗಳನ್ನು ಪರೀಕ್ಷಿಸಿದಾಗ ಸೆಲೆನಿಯಂ, ಕ್ರೋಮಿಯಂ, ಆರ್ಸೆನಿಕ್ ಸೇರಿ 22 ಲೋಹಗಳು ಕಂಡವು. ಶಾಯಿಗೆ ಗುಣಮಟ್ಟದ ಮಾನದಂಡ ಬೇಕೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೇಂದ್ರವನ್ನು ಕೋರಿದರು. ನೀರಿನ ವಿಷಯಕ್ಕೆ ಅಮೆರಿಕದ ರಾಚೆಸ್ಟರ್ ಊರಿನ ಉದಾಹರಣೆ ಸಾಕು: 2011–12ರಲ್ಲಿ ಅಲ್ಲಿ ಒಬ್ಬನೇ ಕಲಾವಿದನ ಬಳಿ ಹಚ್ಚೆ ಹಾಕಿಸಿಕೊಂಡ 19 ಜನರಿಗೆ ಚರ್ಮದ ಸೋಂಕು ತಗುಲಿತು. ಕಲಾವಿದ ಸ್ವಚ್ಛವಾಗಿಯೇ ಕೆಲಸ ಮಾಡಿದ್ದ, ಅವನು ಕೊಂಡು ತಂದಿದ್ದ, ಮೊದಲೇ ನೀರು ಬೆರೆಸಿ ತೆಳು ಮಾಡಿದ್ದ ಬೂದು ಶಾಯಿಯಲ್ಲೇ ಬ್ಯಾಕ್ಟೀರಿಯಾ ಇತ್ತು. ಕೊಳಾಯಿ ನೀರು, ಫಿಲ್ಟರ್ ನೀರು ಎರಡೂ ಬೇಡ. ಶಾಯಿಗೆ ಬೆರೆಸುವುದು ಕ್ರಿಮಿಶುದ್ಧ ನೀರೇ ಆಗಿರಬೇಕು.

ಕಿವಿ, ಮೂಗು, ಹುಬ್ಬು

ಗನ್ ಬೇಡ. ಆಭರಣದಂಗಡಿ, ಬ್ಯೂಟಿ ಪಾರ್ಲರ್‌ಗಳಲ್ಲಿ ‘ಟಕ್’ ಎಂದು ಕಿವಿಗೆ ಹೊಡೆಯುವ ಆ ಪ್ಲಾಸ್ಟಿಕ್ ಯಂತ್ರವನ್ನು ಆಟೊಕ್ಲೇವ್‌ನಲ್ಲಿ ಇಡಲು ಬರುವುದಿಲ್ಲ, ಜೊತೆಗೆ ಅದು ಮೊಂಡು ಕಡ್ಡಿಯನ್ನು ಬಲದಿಂದ ನುಗ್ಗಿಸುತ್ತದೆ. ಹಾಲೆಗೆ ಹೇಗೋ ನಡೆದೀತು, ಬುಗುಡಿ ಹಾಕುವ ಮೇಲ್ಗಿವಿಯ ಮೃದ್ವಸ್ಥಿಗೆ ಖಂಡಿತ ಕೂಡದು. ಅಲ್ಲಿ ರಕ್ತಸಂಚಾರ ಕಡಿಮೆ. ಸೋಂಕು ಹಿಡಿದರೆ ಮೃದ್ವಸ್ಥಿ ಕರಗಿ ಕಿವಿ ಮುದುಡಿಹೋಗುತ್ತದೆ, ಆಮೇಲೆ ಮೊದಲಿನ ಆಕಾರ ಬರುವುದಿಲ್ಲ. ಒಮ್ಮೆ ಮಾತ್ರ ಬಳಸುವ ಟೊಳ್ಳು ಸೂಜಿಯಿಂದಲೇ ಚುಚ್ಚಿಸಿ. ಪತ್ತಾರರ ಬಳಿ ಹೋಗುವುದಾದರೆ ಅವರ ಕೈಗುಣದ ಬಗ್ಗೆ ನನಗೆ ಗೌರವವಿದೆ. ಮೊಹರಿನ ಹೊಸ ಸೂಜಿ ಮತ್ತು ಕೈಗವಸನ್ನು ಔಷಧಿ ಅಂಗಡಿಯಿಂದ ನೀವೇ ಒಯ್ಯಿರಿ. ಚಿನ್ನದ ತಂತಿಯಿಂದಲೇ ಚುಚ್ಚುವವರಾದರೆ ಆ ತಂತಿಯೂ ಶುದ್ಧಗೊಂಡಿರಬೇಕು.

ಮೊದಲ ಆಭರಣ ದೇಹದೊಳಗೆ ಅಳವಡಿಸುವ (ಇಂಪ್ಲಾಂಟ್) ದರ್ಜೆಯ ಟೈಟಾನಿಯಂ ಆದರೆ ಉತ್ತಮ. ಚಿನ್ನವಾದರೆ 14ರಿಂದ 18 ಕ್ಯಾರೆಟ್, ನಿಕಲ್ ಇಲ್ಲದ್ದು. ನಮ್ಮವರ 22 ಕ್ಯಾರೆಟ್ ಚಿನ್ನ ಮೆತ್ತಗಿದ್ದು ಬೇಗ ಗೀರು ಬೀಳುತ್ತದೆ, ಆ ಗೀರಿನಲ್ಲಿ ಕೊಳೆ ಕೂರುತ್ತದೆ, ಗಾಯ ಮಾಗಿದ ಮೇಲೆ ಹಾಕಿಕೊಳ್ಳಿ. ಸಂತೆಯ ಗಿಲೀಟು ಎಂದಿಗೂ ಬೇಡ, ನಿಕಲ್ ಅಲರ್ಜಿ ಒಮ್ಮೆ ಹತ್ತಿದರೆ ಬದುಕಿಡೀ ಬಿಡುವುದಿಲ್ಲ. ಬೇವಿನ ಕಡ್ಡಿ ತುರುಕಿಡುವ ಪದ್ಧತಿಯನ್ನೂ ಬಿಡಿ, ಅದರ ಒರಟು ಮೈ ಗಾಯವನ್ನು ಮತ್ತೆ ಮತ್ತೆ ಹರಿಯುತ್ತದೆ.

ಮಾಗುವ ಕಾಲ ಒಂದೊಂದಕ್ಕೆ ಒಂದೊಂದು. ಕಿವಿಹಾಲೆಗೆ 6–8 ವಾರ, ಹುಬ್ಬಿಗೆ 2–3 ತಿಂಗಳು, ಮೂಗಿಗೆ 4–6 ತಿಂಗಳು, ಮೇಲ್ಗಿವಿಗೂ ಹೊಕ್ಕಳಿಗೂ 6 ತಿಂಗಳಿಂದ ಒಂದು ವರ್ಷ. ನಾಲಗೆ 4–6 ವಾರಕ್ಕೇ ಮಾಗುತ್ತದೆ, ಆದರೆ ಮುಂದೆ ಕಡ್ಡಿ ಹಲ್ಲು, ವಸಡು ಸವೆಸುತ್ತದೆ. ನಾನಂತೂ ಯಾರಿಗೂ ನಾಲಗೆ ಚುಚ್ಚಿಸಿ ಎಂದು ಹೇಳುವುದಿಲ್ಲ. ಎರಡೂ ಮೇಲ್ಗಿವಿಯನ್ನು ಒಂದೇ ದಿನ ಚುಚ್ಚಿಸಿದರೆ ಯಾವ ಮಗ್ಗುಲಿಗೆ ಮಲಗುತ್ತೀರಿ? ಒಂದು ಮಾಗಿದ ಮೇಲೆ ಇನ್ನೊಂದು.

ಆ ದಿನ, ಮತ್ತು ನಂತರದ ವಾರಗಳು

ರೊಟ್ಟಿ ಉಂಡು ಹೋಗಿ. ಖಾಲಿ ಹೊಟ್ಟೆಯಲ್ಲಿ ಕೂತವರು ತಲೆಸುತ್ತಿ ಬೀಳುತ್ತಾರೆ. ಹಿಂದಿನ ದಿನದಿಂದ ಮದ್ಯ ಮುಟ್ಟಬೇಡಿ, ನೀರು ಚೆನ್ನಾಗಿ ಕುಡಿಯಿರಿ. ಹಳೆಯ ಸಡಿಲ ಹತ್ತಿ ಅಂಗಿ ಇರಲಿ.

ಮುಚ್ಚಿದ ಪ್ಲಾಸ್ಟಿಕನ್ನು ಕಲಾವಿದ ಹೇಳಿದ ಹೊತ್ತಿಗೆ ಬಿಚ್ಚಿ. ಬಸ್ಸು, ರೈಲಿನಲ್ಲಿ ಊರಿಗೆ ಮರಳುವವರು ದಾರಿಯಲ್ಲಿ ತೆಗೆಯದೆ ಮನೆಗೆ ಬಂದು, ಕೈ ತೊಳೆದು ಬಿಚ್ಚಬೇಕು. ಕುದಿಸಿ ಆರಿಸಿದ ನೀರು, ಸುವಾಸನೆ ಇಲ್ಲದ ಸಾಬೂನಿನಿಂದ ಬೆರಳ ತುದಿಯಲ್ಲೇ ಮೆಲ್ಲಗೆ ತೊಳೆಯಿರಿ, ದಿನಕ್ಕೆ ಎರಡು ಸಲ. ಒಣ ಸ್ವಚ್ಛ ಬಟ್ಟೆಯಿಂದ ಒತ್ತಿ ನೀರು ತೆಗೆದು, ಸುಗಂಧವಿಲ್ಲದ ಮುಲಾಮನ್ನು ಕಂಡೂ ಕಾಣದಷ್ಟು ತೆಳುವಾಗಿ ಸವರಿ. ದಪ್ಪಗೆ ಮೆತ್ತಿದರೆ ನಮ್ಮ ಬಿಸಿಲಿಗೆ ಗಾಯ ಬೆಂದು ನೀರಾಡುತ್ತದೆ. ನಾಲ್ಕೈದನೇ ದಿನ ಸಿಪ್ಪೆ ಏಳುತ್ತದೆ, ವಿಪರೀತ ತುರಿಸುತ್ತದೆ. ಕೆರೆದರೆ, ಸಿಪ್ಪೆ ಕಿತ್ತರೆ ಶಾಯಿಯೂ ಅದರೊಂದಿಗೇ ಬರುತ್ತದೆ. ತುರಿಕೆಗೆ ಅಂಗೈಯಿಂದ ತಟ್ಟಿಕೊಳ್ಳಿ, ಉಗುರು ತಾಗಿಸಬೇಡಿ.

ಅಜ್ಜಿ ಅರಿಶಿನ ಹಚ್ಚು ಎನ್ನುತ್ತಾಳೆ. ಅವಳ ಕಾಲದಲ್ಲಿ ಅದೇ ಔಷಧಿ, ಆದರೆ ಡಬ್ಬಿಯ ಅರಿಶಿನ ಪುಡಿ ಕ್ರಿಮಿಶುದ್ಧವಲ್ಲ. ವಿಭೂತಿ, ಬೂದಿ, ಟೂತ್‌ಪೇಸ್ಟ್ ಯಾವುದೂ ಬೇಡ. ಚುಚ್ಚಿದ ಕಿವಿ, ಮೂಗಿಗೆ ಬೇಕಾದ್ದು ಸಲೈನ್ ಮಾತ್ರ: ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 0.9ರ ನಾರ್ಮಲ್ ಸಲೈನ್‌ನಲ್ಲಿ ಹತ್ತಿಯ ನಾರು ಬಿಡದ ಗಾಜ್ ಬಟ್ಟೆಯನ್ನು ಅದ್ದಿ ದಿನಕ್ಕೆ ಎರಡು ಸಲ ಒರೆಸಿ. ಆಭರಣವನ್ನು ತಿರುಗಿಸುತ್ತಿರಬೇಕು ಎಂಬುದು ಹಳೆಯ ತಪ್ಪು ನಂಬಿಕೆ, ತಿರುಗಿಸಿದಷ್ಟೂ ಒಳಗಿನ ಎಳೆ ಚರ್ಮ ಹರಿಯುತ್ತದೆ. ಎರಡು ವಾರ ಸಗಣಿ ಬಳಿಯುವುದು, ಹಟ್ಟಿ ಗುಡಿಸುವುದನ್ನು ಮನೆಯ ಬೇರೆಯವರು ನೋಡಿಕೊಳ್ಳಲಿ. ಬಿಸಿಲಿಗೆ ಹೋಗುವಾಗ ತೋಳು ಮುಚ್ಚುವ ಅಂಗಿ ಹಾಕಿ. ಗಾಯ ಪೂರ್ತಿ ಮಾಗುವವರೆಗೆ ಸನ್‌ಸ್ಕ್ರೀನ್ ಹಚ್ಚಬೇಡಿ.

ಮೊದಲ ಎರಡು ಮೂರು ದಿನ ಕೆಂಪು, ಬಿಸಿ, ತುಸು ಬಾವು ಸಹಜ. ಮೂರು ದಿನದ ನಂತರ ಕೆಂಪು ಕಡಿಮೆಯಾಗದೆ ಹರಡಿದರೆ, ಹಳದಿ ಹಸಿರು ಕೀವು ಬಂದರೆ, ಜ್ವರ, ಚಳಿ ಹತ್ತಿದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಓಡಿದರೆ ಅಂದೇ ವೈದ್ಯರ ಬಳಿ ಹೋಗಿ. ಮೇಲ್ಗಿವಿ ಬಾತು ಬೆಂಕಿಯಂತಾದರೆ ಒಂದು ರಾತ್ರಿಯೂ ಕಾಯಬೇಡಿ. ಹತ್ತಿಕುಣಿಯವರಿಗೆ ಯಾದಗಿರಿಯ ಜಿಲ್ಲಾ ಆಸ್ಪತ್ರೆ ಹತ್ತಿರ, ಶಹಾಪುರ, ಸುರಪುರದಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಸೋಂಕಾಯಿತೆಂದು ಆಭರಣವನ್ನು ನೀವೇ ಕಿತ್ತು ಹಾಕಬೇಡಿ. ತೂತು ಮುಚ್ಚಿ ಕೀವು ಒಳಗೇ ಸಿಕ್ಕಿಕೊಂಡು ಬಾವು ಕಟ್ಟುತ್ತದೆ. ವೈದ್ಯರಿಗೆ ಯಾವಾಗ, ಎಲ್ಲಿ ಚುಚ್ಚಿಸಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ವಾರಗಟ್ಟಲೆ ಕಳೆದ ಮೇಲೆ ಹಚ್ಚೆಯ ಮೇಲೆ ಸಣ್ಣ ಗಂಟುಗಳು ಎದ್ದರೂ ಅಷ್ಟೇ, ಅದು ತಡವಾಗಿ ತಲೆಯೆತ್ತುವ ಸೋಂಕೋ ಶಾಯಿಯ ಅಲರ್ಜಿಯೋ ಆಗಿರಬಹುದು.

ಮುಂದಿನದಕ್ಕೆ ಎಷ್ಟು ದಿನ?

ಹಳೆಯ ಹಚ್ಚೆಯ ಪಕ್ಕದಲ್ಲೇ ಬೇರೆ ಚಿತ್ರ ಬೇಕೆಂದರೆ ಒಂದು ತಿಂಗಳಾದರೂ ಬಿಡಿ. ಅದೇ ಚಿತ್ರವನ್ನು ತಿದ್ದಿಸುವುದಾದರೆ ಎರಡು ತಿಂಗಳು ಕಾಯಿರಿ. ಬೇಡವಾದ ಹೆಸರನ್ನು ಲೇಸರ್‌ನಿಂದ ತೆಗೆಸಬಹುದು, ಆದರೆ ಹಾಕಿಸಿದ್ದಕ್ಕಿಂತ ಎಷ್ಟೋ ಪಟ್ಟು ಹಣ, ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕು, ಕಂದು ಚರ್ಮದಲ್ಲಿ ಬಿಳಿ ಅಥವಾ ಕಪ್ಪು ಕಲೆ ಉಳಿಯುವ ಸಂಭವವೂ ಇದೆ. ಕಪ್ಪು ಶಾಯಿ ಬೇಗ ಹೋಗುತ್ತದೆ, ಹಸಿರು, ಹಳದಿ ಹಠ ಮಾಡುತ್ತವೆ. ದೊಡ್ಡ ಚಿತ್ರ ಹೊದಿಸಿ ಹಳೆಯದನ್ನು ಮುಚ್ಚುವುದು ಎಷ್ಟೋ ಸಲ ಇದಕ್ಕಿಂತ ಸುಲಭ.

ಪ್ರತಿ ಹಚ್ಚೆ, ಪ್ರತಿ ತೂತಿನ ದಿನಾಂಕವನ್ನು ಫೋನಿನಲ್ಲಿ ಬರೆದಿಡಿ, ಶಾಯಿಯ ಬಾಟಲಿಯ ಚೀಟಿಯನ್ನೂ ಫೋಟೊ ತೆಗೆದಿಡಿ. ಅಲರ್ಜಿಯಾದರೆ ವೈದ್ಯರಿಗೆ ಆ ಚೀಟಿ ಬೇಕಾಗುತ್ತದೆ. ದಿನಾಂಕ ಬೇಕಾಗುವುದು ರಕ್ತದಾನದ ಶಿಬಿರದಲ್ಲಿ: ಹಚ್ಚೆ ಹಾಕಿಸಿಕೊಂಡ ಅಥವಾ ಚುಚ್ಚಿಸಿಕೊಂಡ ದಿನದಿಂದ 12 ತಿಂಗಳು ರಕ್ತ ಕೊಡುವಂತಿಲ್ಲ. ವರ್ಷವರ್ಷವೂ ರಕ್ತ ಕೊಡುವವರು ಮೊದಲು ಶಿಬಿರಕ್ಕೆ ಹೋಗಿ ರಕ್ತ ಕೊಟ್ಟು, ಒಂದೆರಡು ವಾರ ಸುಧಾರಿಸಿಕೊಂಡು, ಆಮೇಲೆ ಹಚ್ಚೆಗೆ ದಿನ ಗೊತ್ತುಮಾಡಿಕೊಳ್ಳಲಿ. ಮುಂದಿನ ವರ್ಷದ ಶಿಬಿರದ ಹೊತ್ತಿಗೆ ಹನ್ನೆರಡು ತಿಂಗಳು ತುಂಬಿದೆಯೇ ಎಂದು ಎಣಿಸಿಕೊಂಡೇ ಹೋಗಲಿ.